ಅಜ್ಜಿ ಅವತ್ತು ಅಳಲಿಲ್ಲ

ಕತೆ ಬರೆಯಲು ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಹೋದ ವರ್ಷ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು ಕೇಳಿದಳು. ನನ್ನವು ಪ್ರಕಟವಾಗಿರುವುದು ನಾಲ್ಕೇ ಕತೆ. ಇಂಥ ಪ್ರಶ್ನೆಗೆ ಗಂಭೀರವಾಗಿ ಉತ್ತರಿಸಲು ಮುಜುಗರವಾಗಿ ‘ಆಧಾರ್ ಕಾರ್ಡಿನಿಂದ’ ಎಂದೆ. ಸಭೆ ನಕ್ಕಿತು. ಆದರೆ ಅದರಲ್ಲಿ ಅರ್ಧ ನಿಜವಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗುವ ಮೊದಲು ನಾನು ಕ್ಷೇತ್ರಕಾರ್ಯಕ್ಕೆಂದು ತಿಂಗಳಿಗೆ ಎರಡೋ ಮೂರೋ ಊರಿಗೆ ಹೋಗುತ್ತಿದ್ದೆ, ಅದೂ ಫೆಲೋಶಿಪ್ ಹಣ ಬಂದ ತಿಂಗಳಲ್ಲಿ. ಆಮೇಲೆ ಕಂಡಕ್ಟರಿಗೆ ಕಾರ್ಡು ತೋರಿಸಿ, ಶೂನ್ಯ ಎಂದು ಅಚ್ಚಾದ ಟಿಕೆಟ್ ಹಿಡಿದು ವಾರಕ್ಕೆ ಮೂರು ದಿನ ಸುತ್ತತೊಡಗಿದೆ. ಸಂಶೋಧನೆಗೂ ಕತೆಗೂ ಸರಕು ಸಿಕ್ಕಿದ್ದು ಆ ಸುತ್ತಾಟದಲ್ಲಿ.

ಉತ್ತರದ ಇನ್ನರ್ಧವನ್ನು ಆ ಹುಡುಗಿಗೆ ಹೇಳಲಿಲ್ಲ. ಸರಕು ಎಂದರೆ ಯಾರದೋ ಬದುಕು. ಅದನ್ನು ಎತ್ತಿಕೊಂಡು ಬರುವ ಹಕ್ಕು ನನಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಆಗಲೇ ನನ್ನನ್ನು ಹಿಡಿದುಕೊಂಡಿತ್ತು.

ನನ್ನ ಪಿಎಚ್.ಡಿ. ವಿಷಯ ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಹೆಂಗಸರ ಕೆಲಸದ ಹಾಡುಗಳು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಶಿಗ್ಗಾಂವಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಐದರಿಂದ ಏಳರವರೆಗೆ ಕತೆ, ಆಮೇಲೆ ಸಂಶೋಧನೆ ಎಂದು ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದ್ದೇನೆ. ವಾರಕ್ಕೆ ಎರಡು ದಿನವಾದರೂ ಅದರಂತೆ ನಡೆದರೆ ನನಗೇ ಆಶ್ಚರ್ಯ. ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ನಾನು ಅಲ್ಲಿಯ ವಿದ್ಯಾರ್ಥಿನಿಯಲ್ಲ, ಆದರೆ ಆ ದಾರಿಯಲ್ಲಿ ಬಸ್ಸು ಹೋಗುವಾಗಲೆಲ್ಲ ಮುಗಿಯದ ಅಧ್ಯಾಯಗಳು ನೆನಪಾಗುತ್ತವೆ. ಹದಿನೈದು ದಿನಕ್ಕೊಮ್ಮೆ ಸವಣೂರು ತಾಲೂಕಿನ ನಮ್ಮ ಊರಿಗೆ ಹೋದರೆ ಅವ್ವ ಕೇಳುವುದು ಎರಡೇ: ಬರೆಯೋದು ಯಾವಾಗ ಮುಗೀತದ, ಮದುವಿ ಯಾವಾಗ. ಅಪ್ಪ ನನ್ನ ಪರ ವಹಿಸಿ ‘ಗೋಕಾಕರು ಹುಟ್ಟಿದ್ದೂ ಸವಣೂರಾಗ, ಜ್ಞಾನಪೀಠ ಬರಲಿಲ್ಲೇನು’ ಎನ್ನುತ್ತಾನೆ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದರು, ಜ್ಞಾನಪೀಠ ಬಂದದ್ದು 1990ರ ಸಾಲಿನದು. ಲೆಕ್ಕ ಹಾಕಿ ಅವ್ವ ಮತ್ತಷ್ಟು ಕಂಗಾಲಾಗುತ್ತಾಳೆ.

ಊರಿಂದ ಊರಿಗೆ ನೆಲ ಬದಲಾಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುವುದು ನನಗೆ ಇಷ್ಟ. ಸವಣೂರಿನ ಎರೆಮಣ್ಣು, ಅಲ್ಲಿಯ ಮಾತಿನಲ್ಲಿ ಬೆರೆತ ಉರ್ದು, ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳು. ಹಾನಗಲ್ಲಿಗೆ ಬಂದರೆ ಅರೆಮಲೆನಾಡು, ಭತ್ತದ ಗದ್ದೆ, ಮಾವಿನ ತೋಟ, ಕೆರೆಗಳು. ಹಿರೇಕೆರೂರಿನ ಕಡೆ ಮಾತು ಶಿಕಾರಿಪುರದತ್ತ ಬಾಗುತ್ತದೆ. ನನ್ನ ಚೀಲದಲ್ಲಿ ನೋಟ್‌ಬುಕ್ಕು, ಚಾರ್ಜರು, ಸವಣೂರಿನ ಎಲೆ ಮತ್ತು ಅಡಿಕೆ ಸದಾ ಇರುತ್ತವೆ. ಮೊದಲ ಭೇಟಿಯಲ್ಲಿ ಯಾವ ಅಜ್ಜಿಯೂ ಹಾಡುವುದಿಲ್ಲ. ಎಲೆ ಹಾಕಿಕೊಳ್ಳುತ್ತಾಳೆ, ನಿನ್ನ ಮಂದಿ ಯಾರು ಎಂದು ಕೇಳುತ್ತಾಳೆ, ಇನ್ನೊಮ್ಮೆ ಬಾ ಎನ್ನುತ್ತಾಳೆ.

ಹಾನಗಲ್ಲ ತಾಲೂಕಿನ ಒಂದು ಊರಿನ ಅಜ್ಜಿ ನನಗೆ ಹೀಗೆ ಪರಿಚಯವಾದಳು. ಎಪ್ಪತ್ತು ದಾಟಿದವಳು. ಬೀಸುವ ಹಾಡು, ಕುಟ್ಟುವ ಹಾಡು ಎಷ್ಟು ಕೇಳಿದರೂ ಮುಗಿಯುತ್ತಿರಲಿಲ್ಲ. ನಾಲ್ಕನೆಯ ಸಲ ಹೋದಾಗ, ಹಾಡಿನ ನಡುವೆ, ನಾನು ಕೇಳದೆಯೇ ಗಂಡನ ಸುದ್ದಿ ತೆಗೆದಳು. ಅವನು ದುಡಿಯಲು ಗೋವಾಕ್ಕೆ ಹೋಗಿದ್ದ. ಎರಡು ವರ್ಷ ಹಣ ಕಳಿಸಿದ, ಆಮೇಲೆ ನಿಂತಿತು. ಒಂದು ದಿನ ಅವಳು ಕೂಲಿಗೆ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದಾಗ, ಗೋವಾದಿಂದ ಬಂದ ಊರವನೊಬ್ಬ ಬದುವಿನ ಮೇಲೆ ನಿಂತು, ನಿನ್ನ ಗಂಡ ಅಲ್ಲಿ ಬೇರೆ ಸಂಸಾರ ಮಾಡಿದ್ದಾನೆ, ಮಗುವೂ ಇದೆ ಎಂದು ಹೇಳಿ ಹೋದ. ಇಷ್ಟು ಹೇಳಿ ಅಜ್ಜಿ ಸುಮ್ಮನಾದಳು. ಆಮೇಲೆ ‘ಎಲಿ ಐತೇನವಾ ಇನ್ನೊಂದು’ ಎಂದಳು.

ಆ ರಾತ್ರಿಯೇ ನಾನು ಕತೆ ಬರೆದೆ. ಹೆಸರು ಬದಲಿಸಿದೆ, ಊರನ್ನು ಹಿರೇಕೆರೂರಿನ ಕಡೆಗೆ ಒಯ್ದೆ. ಸುದ್ದಿ ಕೇಳಿದ ಹೆಂಗಸು ಕೆಸರಲ್ಲಿ ಕುಸಿದು ಕೂತು ಅಳುತ್ತಾಳೆ, ಮಳೆ ಶುರುವಾಗುತ್ತದೆ, ಕಣ್ಣೀರು ಯಾವುದು ಮಳೆನೀರು ಯಾವುದು ತಿಳಿಯುವುದಿಲ್ಲ. ಬರೆಯುವಾಗ ನನಗೂ ಅಳು ಬಂತು. ಕತೆಗೆ ಒಂದು ಚಿಕ್ಕ ಬಹುಮಾನವೂ ಬಂತು.

ಕತೆ ಅಚ್ಚಾಗಿ ಎರಡು ವಾರಕ್ಕೆ ಅಜ್ಜಿಯ ಮೊಮ್ಮಗಳು ಫೋನ್ ಮಾಡಿದಳು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರಂತೆ. ಹೆಸರು ಬದಲಿಸಿದ ಮಾತ್ರಕ್ಕೆ ಊರವರಿಗೆ ಗುರುತು ತಪ್ಪುತ್ತದೆಯೇ? ಗೋವಾ, ಇಬ್ಬರು ಹೆಣ್ಣುಮಕ್ಕಳು, ಮನೆಯ ಮುಂದಿನ ಬೇವು, ಹಾಲು ಕೊಡುವ ಹೊತ್ತಿಗೆ ಒದೆಯುವ ಎಮ್ಮೆ ಎಲ್ಲವೂ ಇದ್ದವು. ‘ಅಕ್ಕಾ, ಅಕ್ಕನ ಮದುವಿ ಮಾತುಕತಿ ನಡದೈತಿ. ಬೀಗರ ಕಡ್ಯಾವ್ರು ಓದ್ಯಾರ. ಬರಿಯೂಕಿಂತ ಮೊದ್ಲ ಒಂದ್ಮಾತು ಕೇಳಬೇಕಿತ್ತಲ್ಲ’ ಎಂದಳು. ಬೈಯಲಿಲ್ಲ. ಬೈದಿದ್ದರೆ ಸಮರ್ಥಿಸಿಕೊಳ್ಳಲು ನನ್ನ ಬಳಿ ಮಾತುಗಳಿದ್ದವು. ಸಾಹಿತ್ಯ, ಕಲ್ಪನೆ, ಸ್ತ್ರೀ ಸಂವೇದನೆ, ಎಂ.ಎ.ಯಲ್ಲಿ ಓದಿದ್ದೆಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದೆ. ಅಜ್ಜಿ ಬೇವಿನ ಬುಡದಲ್ಲಿ ಅಕ್ಕಿ ಆರಿಸುತ್ತಿದ್ದಳು.

‘ಕುಂದ್ರವಾ. ನಮ್ಮಕಿ ಓದಿ ಹೇಳಿದ್ಲು. ಛಲೋ ಬರ್ದಿ’ ಎಂದಳು. ನಾನು ತಪ್ಪಾಯಿತು ಎನ್ನುವ ಮೊದಲೇ ಕೇಳಿದಳು: ‘ಆದ್ರ ನಾ ಎಲ್ಲಿ ಅತ್ತಿದ್ನಿ?’

‘ಕತಿ ಅಂದ್ಮ್ಯಾಲ ಒಂದಿಷ್ಟು...’

‘ಹಿಡಿದ ಸಾಲು ಮುಗಿಸಿ, ಸಂಜಿಕ ಕೂಲಿ ಇಸ್ಕೊಂಡು, ಬರೂ ಮುಂದ ಎಮ್ಮಿಗೆ ಹುಲ್ಲು ಕೊಯ್ಕೊಂಡು ಬಂದೀನಿ. ಅಳಕೋತ ಕುಂತಿದ್ರ ಅವತ್ತಿನ ಕೂಲಿ ಯಾರ್ ಕೊಡತಿದ್ರು? ಮಳಿ ಒಂದ್ ಯಾಕ ಹಾಕೀದಿ, ಮಳಿ ಬಂದ್ರ ಕೂಲಿ ಅರ್ಧ.’

ಕೋಣೆಗೆ ಬಂದು ಧ್ವನಿಮುದ್ರಿಕೆ ಕೇಳಿದೆ. ಅವಳ ಮಾತು ನಿಂತ ಮೇಲೆ ಸುಮಾರು ಮುಕ್ಕಾಲು ನಿಮಿಷ ಕೋಳಿಗಳ ಸದ್ದು, ದೂರದಲ್ಲಿ ಟ್ರ್ಯಾಕ್ಟರು. ಆಮೇಲೆ ‘ಎಲಿ ಐತೇನವಾ’. ಆ ಮುಕ್ಕಾಲು ನಿಮಿಷವನ್ನು ನಾನು ಅಳುವಿನಿಂದ ತುಂಬಿಸಿದ್ದೆ. ಯಾಕೆಂದರೆ ಅಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ, ಮತ್ತು ಓದುವವರಿಗೆ ಅಳು ಬೇಗ ತಲುಪುತ್ತದೆ. ಮಳೆ ನಿಜ ಜೀವನದಲ್ಲಿ ಕೂಲಿ ಕಡಿತ. ನನ್ನ ಕತೆಯಲ್ಲಿ ಅಲಂಕಾರ.

ಇಲ್ಲಿಂದಾಚೆಗೆ ನನಗೆ ಗೊಂದಲ ಶುರುವಾಯಿತು. ಮೊಮ್ಮಗಳ ದೂರು, ನಮ್ಮ ಗುರುತು ಸಿಗುವ ಹಾಗೆ ಯಾಕೆ ಬರೆದೆ ಎಂದು. ಅಜ್ಜಿಯ ದೂರು, ನನ್ನ ಗುರುತು ನನಗೇ ಸಿಗದ ಹಾಗೆ ಯಾಕೆ ಬರೆದೆ ಎಂದು. ಒಬ್ಬಳನ್ನು ಒಪ್ಪಿಸಲು ಕತೆಯನ್ನು ಮತ್ತಷ್ಟು ಮರೆಮಾಚಬೇಕು, ಇನ್ನೊಬ್ಬಳನ್ನು ಒಪ್ಪಿಸಲು ಇದ್ದದ್ದನ್ನು ಇದ್ದಂತೆ ಬರೆಯಬೇಕು. ಎರಡೂ ನ್ಯಾಯವೇ. ಅನುಮತಿ ಕೇಳಿದ್ದರೆ ಸಾಕಿತ್ತು ಎಂದು ಗೆಳೆಯರು ಸುಲಭವಾಗಿ ಹೇಳುತ್ತಾರೆ. ಯಾರ ಅನುಮತಿ? ಅಜ್ಜಿ ಕೊಡುತ್ತಿದ್ದಳು, ಮೊಮ್ಮಗಳು ಕೊಡುತ್ತಿರಲಿಲ್ಲ. ನೋವು ಅಜ್ಜಿಯದು, ಅದರ ಪರಿಣಾಮ ಇವತ್ತು ಮೊಮ್ಮಕ್ಕಳದು. ಗೋವಾದ ಆ ಇನ್ನೊಬ್ಬ ಹೆಂಗಸಿನ ಅನುಮತಿಯ ಮಾತನ್ನಂತೂ ನನ್ನ ಗೆಳೆಯರಲ್ಲಿ ಯಾರೂ ಎತ್ತಲಿಲ್ಲ. ನಾನೂ ಬಹಳ ದಿನ ಎತ್ತಲಿಲ್ಲ.

ಇನ್ನೂ ವಿಚಿತ್ರವೆಂದರೆ ನನ್ನ ಪ್ರಬಂಧದಲ್ಲಿ ಇದೇ ಅಜ್ಜಿ ‘ವಕ್ತೃ’. ಅಲ್ಲಿ ಅವಳ ಹೆಸರು, ವಯಸ್ಸು, ಊರು, ಜಾತಿ, ದಿನಾಂಕ ಎಲ್ಲ ಇರಲೇಬೇಕು. ಇಲ್ಲದಿದ್ದರೆ ಮಾಹಿತಿಗೆ ಬೆಲೆಯಿಲ್ಲ. ಆದರೆ ಗದ್ದೆಯ ಬದುವಿನ ಸುದ್ದಿಗೆ ಅಲ್ಲಿ ಜಾಗವಿಲ್ಲ. ಪ್ರಬಂಧದಲ್ಲಿ ಹೆಸರಿದೆ, ನೋವಿಲ್ಲ. ಕತೆಯಲ್ಲಿ ನೋವಿದೆ, ಹೆಸರಿಲ್ಲ. ಒಬ್ಬಳೇ ಹೆಂಗಸನ್ನು ಎರಡು ಪಾಲು ಮಾಡಿ ಎರಡು ಕಡೆ ಲಾಭ ಪಡೆದವಳು ನಾನು.

ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲುಗಳನ್ನು ಆಮೇಲೆ ಬೇರೆ ಕಣ್ಣಿಂದ ನೋಡಿದೆ. ಬಸ್ಸಿಗೆ ಹೊತ್ತಿದ್ದಾಗ ಅಲ್ಲಿ ಹೋಗಿ ಕೂರುವುದು ರೂಢಿ. ವೀರಗಲ್ಲಿನ ಕ್ರಮ ನಿಮಗೆ ಗೊತ್ತಿರುತ್ತದೆ: ಕೆಳಗಿನ ಪಟ್ಟಿಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು. ದನಗಳಿಗಾಗಿ ಸತ್ತವನೂ ಊರಿಗಾಗಿ ಸತ್ತವನೂ ಅದೇ ಅಪ್ಸರೆಯರ ಕೈಹಿಡಿದು ಅದೇ ಕೈಲಾಸಕ್ಕೆ ಹೋಗುತ್ತಾರೆ. ಶಿಲ್ಪಿ ತನಗೆ ಗೊತ್ತಿದ್ದ ಮಾದರಿಯನ್ನು ಕೆತ್ತಿದ. ನನ್ನ ಕೆಸರು, ಕಣ್ಣೀರು, ಮಳೆಯೂ ಅಂಥ ಮಾದರಿಯ ಪಟ್ಟಿಗಳೇ. ವ್ಯತ್ಯಾಸವೆಂದರೆ ಕಲ್ಲು ಹಾಕಿಸಿದವರು ವೀರನ ಮನೆಯವರೋ ಊರಿನವರೋ ಆಗಿದ್ದರು. ಅವರಿಗೆ ಬೇಕಾದದ್ದೇ ಅದು. ನನ್ನ ಕತೆಯನ್ನು ಯಾರೂ ಹಾಕಿಸಿರಲಿಲ್ಲ.

ಶಿಗ್ಗಾಂವಿ ತಾಲೂಕಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳಿಕೊಳ್ಳುವಾಗ ಇಬ್ಬರು ನೆನಪಾಗದೆ ಇರುವುದಿಲ್ಲ. ಬಾಡದ ಕನಕದಾಸರು ಮೇಲುಕೀಳಿನ ಅವಮಾನವನ್ನು ಹೇಳಲು ‘ರಾಮಧಾನ್ಯಚರಿತೆ’ಯಲ್ಲಿ ಭತ್ತ ಮತ್ತು ರಾಗಿಯ ಜಗಳ ಹೂಡಿದರು. ಯಾವ ಮನೆಯ ಗುಟ್ಟೂ ಹೊರಬೀಳಲಿಲ್ಲ, ಹೇಳಬೇಕಾದದ್ದು ಒಂದೂ ಉಳಿಯಲಿಲ್ಲ. ಶಿಶುನಾಳದ ಶರೀಫರು (1819–1889) ಸೋರುವ ಮಾಳಿಗೆಯನ್ನು, ಅಡುಗೆಮನೆಯ, ಹೊಲದ, ಸಂತೆಯ ವಸ್ತುಗಳನ್ನು ಹಿಡಿದು ಹಾಡು ಕಟ್ಟಿದರು. ಕೇಳಿದ ಪ್ರತಿಯೊಬ್ಬರೂ ಅದು ತಮ್ಮದೇ ಮನೆ ಎಂದುಕೊಂಡರು, ಯಾರೂ ನನ್ನ ಮನೆಯ ಮಾಳಿಗೆಯನ್ನು ಯಾಕೆ ಹಾಡಿದಿರಿ ಎಂದು ಜಗಳಕ್ಕೆ ಬಂದಿರಲಿಕ್ಕಿಲ್ಲ. ಇದು ಒಂದು ದಾರಿ, ನಿಜ. ಆದರೆ ಸಣ್ಣಕತೆಗೆ ಧಾನ್ಯ ಸಾಲದು, ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಎಲ್ಲೋ ಉಸಿರಾಡುತ್ತಿರುತ್ತಾನೆ. ಇದೇ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವನು ಓದುವವರ ಬಾಗಿಲಿಗೇ ಹೋಗಿ ನಿಲ್ಲುವ ಆ ಧೈರ್ಯ ನನಗೆ ದೊಡ್ಡದೆನಿಸುತ್ತದೆ. ಅವರು ಬರೆದದ್ದು ಹೆಚ್ಚಾಗಿ ಐತಿಹಾಸಿಕ ಕಾದಂಬರಿ ಎಂಬುದೂ ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ರಾಜರ ಮೊಮ್ಮಕ್ಕಳು ಫೋನ್ ಮಾಡುವುದಿಲ್ಲ.

ಹಿರೇಕೆರೂರಿನ ಕಡೆ ಹೋದಾಗ ಇದರ ತಿರುವುಮುರುವು ಕಂಡೆ. ಸರ್ವಜ್ಞ ತಮ್ಮವನೆಂದು ಅಬಲೂರೂ ಹೇಳುತ್ತದೆ, ಮಾಸೂರೂ ಹೇಳುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅವನ ತ್ರಿಪದಿಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅವನ ಹೆಸರಲ್ಲಿ ಸಿಗುವುದೆಲ್ಲ ಒಬ್ಬನೇ ಬರೆದದ್ದಾಗಿರಲು ಸಾಧ್ಯವಿಲ್ಲ ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಅಂದರೆ ಯಾರ್‍ಯಾರೋ ತಮ್ಮ ಕಹಿಯನ್ನು, ತಮಾಷೆಯನ್ನು ಮೂರು ಸಾಲು ಮಾಡಿ ಕೊನೆಗೆ ಅವನ ಹೆಸರು ಹಾಕಿ ತಾವು ಮರೆಯಾದರು. ಅತ್ತೆಯ ಮೇಲಿನ ಸಿಟ್ಟನ್ನೂ ಗೌಡನ ಮೇಲಿನ ಸಿಟ್ಟನ್ನೂ ಸರ್ವಜ್ಞನ ತಲೆಗೆ ಕಟ್ಟಿದರೆ ಯಾರ ಮನೆಗೂ ತೊಂದರೆಯಿಲ್ಲ. ಮಾತು ಉಳಿಯಬೇಕು, ತಾನು ಸಿಕ್ಕಿಬೀಳಬಾರದು: ನಮ್ಮ ಅಜ್ಜಿ, ಮೊಮ್ಮಗಳು ಇಬ್ಬರ ಬೇಡಿಕೆಯನ್ನೂ ಆ ಹೆಸರಿಲ್ಲದವರು ಒಟ್ಟಿಗೆ ಈಡೇರಿಸಿಕೊಂಡಿದ್ದರು. ಬೀಸುವ ಹಾಡುಗಳಲ್ಲೂ ಅದೇ ಆಗಿದೆ. ಅಜ್ಜಿ ತನ್ನ ಗಂಡನ ವಿಷಯ ಹಾಡಿನಲ್ಲಿ ಎಷ್ಟು ಸಲ ನನಗೆ ಹೇಳಿದ್ದಳೋ! ನಾನು ಅದನ್ನು ‘ದಾಂಪತ್ಯ ವಿರಸದ ಹಾಡುಗಳು’ ಎಂಬ ತಲೆಬರಹದ ಕೆಳಗೆ ವರ್ಗೀಕರಿಸಿದ್ದೆ.

ಆ ಕತೆಯನ್ನು ನನ್ನ ಸಂಕಲನಕ್ಕೆ ಸೇರಿಸುತ್ತಿಲ್ಲ. ಇದು ತ್ಯಾಗವೇನಲ್ಲ. ಸುಳ್ಳು ಕತೆ ಎಂದು ಗೊತ್ತಾದ ಮೇಲೆ ಓದಲು ನನಗೇ ಆಗುತ್ತಿಲ್ಲ. ಮದುವೆ ನಿಶ್ಚಯವಾಯಿತು, ಬೀಗರು ದೊಡ್ಡ ಮನಸ್ಸಿನವರು. ಹಾಗಾಗದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅಂದರೆ ನನ್ನ ಪ್ರಾಮಾಣಿಕತೆಗೂ ಅವರ ಔದಾರ್ಯವೇ ಆಧಾರ.

ಈಗ ಹೋದಾಗಲೆಲ್ಲ ಬರೆದದ್ದನ್ನು ಅಜ್ಜಿಗೆ ಓದಿ ಹೇಳುತ್ತೇನೆ. ಕೆಲವೊಮ್ಮೆ ಅವಳು ತೂಕಡಿಸುತ್ತಾಳೆ, ಕೆಲವೊಮ್ಮೆ ನಡುವೆಯೇ ‘ಹಂಗಲ್ಲ’ ಎನ್ನುತ್ತಾಳೆ. ಹೋದ ತಿಂಗಳು ಏನೋ ಹೇಳಹೊರಟವಳು ನನ್ನ ಮೊಬೈಲಿನ ಕಡೆ ಕೈ ಮಾಡಿ ‘ಅದನ್ನ ಬಂದ್ ಮಾಡು’ ಎಂದಳು. ಮಾಡಿದೆ. ಆ ಮುಕ್ಕಾಲು ನಿಮಿಷದಲ್ಲಿ ಏನಿತ್ತೆಂದು ಹೇಳಿದಳು. ಆ ದಿನ ಕೊನೆಯ ಬಸ್ಸು ತಪ್ಪಿ ಅವರ ಮನೆಯಲ್ಲೇ ಮಲಗಿದೆ. ರೊಟ್ಟಿ, ಬದನೆಕಾಯಿ ಪಲ್ಯ ಮೊಮ್ಮಗಳು ಬಡಿಸಿದಳು.

ಈ ಲೇಖನವನ್ನೂ ಇಬ್ಬರಿಗೂ ಓದಿ ಹೇಳಿದ್ದೇನೆ. ಮೊಮ್ಮಗಳು ಎರಡು ವಾಕ್ಯ ತೆಗೆಸಿದಳು, ಕೆಲವು ವಿವರಗಳನ್ನು ಬದಲಿಸಲು ಹೇಳಿದಳು. ಯಾವುವು ಎಂದು ಹೇಳುವುದಿಲ್ಲ. ಅಜ್ಜಿ ಅಳಲಿಲ್ಲ ಎಂಬುದನ್ನು ಮಾತ್ರ ಬದಲಿಸಿಲ್ಲ. ಅಜ್ಜಿಯ ಬೇಡಿಕೆ ಒಂದೇ ಆಗಿತ್ತು, ಎಮ್ಮೆಯ ಹೆಸರು ಹಾಕಬೇಕೆಂದು. ‘ಅಷ್ಟ್ ವರ್ಷ ನಮ್ಮನ್ನ ಸಾಕಿದ್ದು ಅದು, ಅದರ ಹೆಸರ್ ಒಂದ್ ಯಾಕ ಬಿಟ್ಟೀದಿ’ ಎಂದಳು. ಹೆಸರು ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಅಂಥ ಹೆಸರಿನ ಎಮ್ಮೆ ಅಲ್ಲಿದ್ದದ್ದು ಅದೊಂದೇ ಎಂದು ಮೊಮ್ಮಗಳು. ಆ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಇಲ್ಲಿ ಬರೆದಿಲ್ಲ.