ಸೈಕಲ್ಲಿನ ದಾರಿ ಮತ್ತು ಅಪ್ರಮಾದ

ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಜನರು ನಡೆದು ಸವೆದ ದಾರಿಯಲ್ಲಿ, ಸಕಾರಣವಾಗಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆಂಬುದು ಅದರ ಸಾರ. ಗೃಹಸ್ಥನಿಗೆ ಈ ನಿಯಮವನ್ನು ಇಷ್ಟೇ ಕಟ್ಟುನಿಟ್ಟಾಗಿ ಹೇಳಿಲ್ಲ. ಆದರೆ ಅವನೂ ದಿನಕ್ಕೆರಡು ಬಾರಿ ಮನೆಗೂ ಕಚೇರಿಗೂ ನಡುವೆ ಸಂಚರಿಸುವವನೇ. ವರ್ಷಕ್ಕೆ ಮುನ್ನೂರು ದಿನಗಳ ಈ ಸಂಚಾರಕ್ಕೆ ಎಂಥ ಎಚ್ಚರ ಸಲ್ಲತಕ್ಕದ್ದು ಎಂಬ ಪ್ರಶ್ನೆಯಿಂದ ಅವನು ತಪ್ಪಿಸಿಕೊಳ್ಳುವಂತಿಲ್ಲ.

ಈಚಿನ ವರ್ಷಗಳಲ್ಲಿ ನಗರಗಳ ವಿದ್ಯಾವಂತರಲ್ಲಿ ಕೆಲವರು ಸ್ಕೂಟರು, ಕಾರುಗಳನ್ನು ಮನೆಯಲ್ಲಿ ನಿಲ್ಲಿಸಿ ಸೈಕಲ್ಲನ್ನೇರಿ ಕಚೇರಿಗೆ ಹೋಗುವ ಸಂಕಲ್ಪ ಮಾಡುತ್ತಿದ್ದಾರೆ. ಸಂಕಲ್ಪವೇನೋ ಸಾಧುವಾದದ್ದೇ. ಹೊಗೆಯಿಲ್ಲ, ಇಂಧನದ ವ್ಯಯವಿಲ್ಲ, ಡಿಕ್ಕಿಯಾದರೂ ಎದುರಿನವರಿಗೆ ತಗಲುವ ಪೆಟ್ಟು ಕಡಮೆ. ಆದರೆ ಅಹಿಂಸೆಯು ವಾಹನದಲ್ಲಿಯೇ ಅಡಗಿದೆ, ಏರಿದವನಿಗೆ ಅದು ತಾನಾಗಿ ಪ್ರಾಪ್ತವಾಗುತ್ತದೆ ಎಂಬ ಭಾವನೆಯೂ ಇದರೊಡನೆ ಸೇರಿಕೊಂಡಿರುವುದುಂಟು. ಇದು ಪರೀಕ್ಷಿಸಿ ನೋಡಬೇಕಾದ ಮಾತು. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಆಚಾರ್ಯರು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳಿದ್ದಾರೆ. ಮೈಮರೆತ ಮನಸ್ಸು ಮತ್ತು ದೇಹಗಳ ವ್ಯಾಪಾರವೇ ಅಲ್ಲಿ ಮೂಲ. ಹಾಗಿರುವಾಗ ಎರಡು ಗಾಲಿಯ ಯಂತ್ರವೊಂದು ಯಾರನ್ನೂ ಪ್ರಮಾದದಿಂದ ಪಾರುಮಾಡಲಾರದು.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ನಗರದಲ್ಲಿ ಸಾಮಾನ್ಯ ಸವಾರನ ವೇಗ ಗಂಟೆಗೆ ಸುಮಾರು 15 ಕಿಲೋಮೀಟರು, ಅಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಗಿಲು. ನಾಲ್ಕು ಮೊಳವೆಂದರೆ ಆರು ಅಡಿ. ಅಷ್ಟು ನೆಲ ಅವನ ಗಾಲಿಯಡಿಯಲ್ಲಿ ಅರ್ಧ ಸೆಕೆಂಡಿನೊಳಗೆ ಸರಿದುಹೋಗುತ್ತದೆ. ಅಡ್ಡ ಬಂದದ್ದನ್ನು ಕಂಡು, ಬ್ರೇಕು ಹಿಡಿದು, ನಿಲ್ಲುವಷ್ಟರಲ್ಲಿ ಆರೇಳು ಮೀಟರು ದಾಟಿರುತ್ತದೆ. ಮಳೆಯಲ್ಲಿ ರಿಮ್ಮು ನೆನೆದಿದ್ದರೆ ಇನ್ನೂ ಹೆಚ್ಚು, ಏಕೆಂದರೆ ನೀರು ಒರೆಸಿಹೋಗುವವರೆಗೆ ಬ್ರೇಕಿನ ರಬ್ಬರು ಹಿಡಿಯುವುದೇ ಇಲ್ಲ. ಪಾದಚಾರಿಯಾದ ಮುನಿ ನೋಡುವ ಹಾಗೆ ಸವಾರನು ನೆಲವನ್ನು ನೋಡಲಾರ. ನೋಡಬೇಕಾದದ್ದರಲ್ಲಿ ಬಹುಪಾಲನ್ನು ಅವನು ಹೊರಡುವುದಕ್ಕೆ ಮೊದಲೇ ನೋಡಿಟ್ಟುಕೊಳ್ಳಬೇಕಾಗುತ್ತದೆ. ಯಾವ ದಾರಿ, ಯಾವ ಹೊತ್ತು, ಎಷ್ಟು ಹೊರೆ, ಎಲ್ಲಿ ನಿಲುಗಡೆ ಎಂಬ ಸಿದ್ಧತೆಯನ್ನು ಕೇವಲ ಅನುಕೂಲದ ವಿಷಯವೆಂದು ಬಗೆಯುವವರುಂಟು. ಆದರೆ ವೇಗವು ಕಣ್ಣಿನಿಂದ ಕಸಿದುಕೊಂಡ ನೋಟವನ್ನು ಹಿಂದಿನ ರಾತ್ರಿಯೇ ಮರಳಿ ಪಡೆಯುವ ಉಪಾಯ ಅದೊಂದೇ.

ಉದಾಹರಣೆಗೆ, ಮೈಸೂರಿನ ಕುವೆಂಪುನಗರದಲ್ಲಿ ವಾಸವಾಗಿದ್ದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವ ಶ್ರಾವಕನೊಬ್ಬನನ್ನು ಊಹಿಸಬಹುದು. ದೂರ ಎಂಟೊಂಬತ್ತು ಕಿಲೋಮೀಟರು. ಸ್ಕೂಟರಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ, ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ. ರಿಂಗ್ ರಸ್ತೆ ಅಗಲವಾಗಿದೆ, ನುಣುಪಾಗಿದೆ. ಆದರೆ ಅಲ್ಲಿ ಲಾರಿ, ಬಸ್ಸುಗಳ ಭರಾಟೆ. ಸರಸ್ವತಿಪುರಂ, ಕುಕ್ಕರಹಳ್ಳಿ ಕೆರೆಯ ಮಗ್ಗುಲು, ಒಂಟಿಕೊಪ್ಪಲು, ಗೋಕುಲಂ ಹಾದು ಹೋಗುವ ಒಳದಾರಿಯಲ್ಲಿ ತಿರುವುಗಳು ಹೆಚ್ಚು, ಅಡ್ಡರಸ್ತೆಗಳು ಹೆಚ್ಚು, ನೆರಳೂ ಹೆಚ್ಚು. ವಿವೇಕಿಯಾದವನು ಮೊದಲ ದಿನವೇ ಕಚೇರಿಗೆ ಹೊರಡುವುದಿಲ್ಲ. ಭಾನುವಾರದ ಬೆಳಗ್ಗೆ ಒಮ್ಮೆ ಹೋಗಿಬಂದು, ಯಾವ ಏರಿನಲ್ಲಿ ಉಸಿರು ಕಟ್ಟುತ್ತದೆ, ಯಾವ ಶಾಲೆಯ ಮುಂದೆ ಮಕ್ಕಳು ರಸ್ತೆಗೆ ಇಳಿಯುತ್ತಾರೆ, ಪಂಕ್ಚರ್ ಹಾಕುವವನು ಎಲ್ಲಿ ಕೂರುತ್ತಾನೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಭಾನುವಾರ ಶಾಲೆಗಳಿಗೆ ರಜವಾದ್ದರಿಂದ ಮಕ್ಕಳ ವಿಷಯವನ್ನು ಇನ್ನೊಂದು ದಿನ ನೋಡಬೇಕಾದೀತು, ಅದು ಬೇರೆ ಮಾತು.

ಮಿಕ್ಕ ಸಿದ್ಧತೆಗಳು ಸಣ್ಣವು. ಬೆವರು ಆರಿಸಿಕೊಂಡು ಬದಲಿಸಲು ಒಂದು ಅಂಗಿ ಮತ್ತು ಟವೆಲು ಕಚೇರಿಯ ಬೀರುವಿನಲ್ಲಿರಬೇಕು. ಬೆನ್ನಿಗೆ ಹೊರೆ ಬೇಡ, ಹಿಂದಿನ ಕ್ಯಾರಿಯರಿಗೆ ಚೀಲ ಕಟ್ಟುವುದು ಮೇಲು. ರಾತ್ರಿಯೇ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಗಾಳಿ ತುಂಬಿಟ್ಟರೆ ಬೆಳಗ್ಗೆ ಹತ್ತು ನಿಮಿಷ ಉಳಿಯುತ್ತದೆ. ದೀಪವಂತೂ ಇರಲೇಬೇಕು. ಒಂದು ಕಾಲಕ್ಕೆ ನಗರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು, ದೀಪವಿಲ್ಲದ ಸವಾರನನ್ನು ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದರು. ಆ ಕಟ್ಟಳೆ ಹೋಯಿತೆಂದು ಕತ್ತಲೆ ಹೋಗಿಲ್ಲ.

ನಿಜವಾದ ತೊಡಕು ಇರುವುದು ಸಂಜೆಯಲ್ಲಿ. ಈ ಶ್ರಾವಕನು ರಾತ್ರಿಭೋಜನವನ್ನು ತ್ಯಜಿಸಿದವನು. ಕಾರ್ಖಾನೆ ಬಿಡುವುದು ಐದೂವರೆಗೆ. ಜುಲೈ ತಿಂಗಳ ಆರಂಭದಲ್ಲಿ ಮೈಸೂರಿನ ಸೂರ್ಯಾಸ್ತ ಆರೂ ಮುಕ್ಕಾಲನ್ನು ದಾಟುವುದರಿಂದ ಸಾವಕಾಶವಾಗಿ ಮನೆ ಸೇರಿ ಕೈಕಾಲು ತೊಳೆದು ಊಟಕ್ಕೆ ಕೂರಬಹುದು. ನವೆಂಬರಿನ ಕೊನೆಗಾದರೋ ಆರಕ್ಕೆ ಕೆಲವು ನಿಮಿಷ ಮೊದಲೇ ಸೂರ್ಯ ಮುಳುಗುತ್ತಾನೆ. ಸ್ಕೂಟರಿದ್ದಾಗ ಹೇಗೋ ಓಡಿಬಂದು ನಾಲ್ಕು ತುತ್ತು ಉಣ್ಣುತ್ತಿದ್ದವನಿಗೆ ಸೈಕಲ್ಲಿನಲ್ಲಿ ಅದು ಆಗದ ಮಾತು. ಒಂದು ಜೀವದಯೆಯ ನಿಯಮವು ಇನ್ನೊಂದರ ಕಾಲಿಗೆ ತೊಡರುವುದು ಇಲ್ಲಿಯೇ. ಯೋಚಿಸದವನು ಏನು ಮಾಡುತ್ತಾನೆ? ಪೆಡಲನ್ನು ಬಲವಾಗಿ ತುಳಿಯುತ್ತಾನೆ. ಸಿಗ್ನಲು ಕೆಂಪಾಗುವ ಮುನ್ನ ನುಗ್ಗುತ್ತಾನೆ, ಸಂದಿಯಲ್ಲಿ ತೂರುತ್ತಾನೆ, ಕೆರೆಯ ಮಗ್ಗುಲಲ್ಲಿ ಹುಳುಹುಪ್ಪಟೆಗಳು ಏಳುವ ಹೊತ್ತಿನಲ್ಲಿಯೇ ನೆಲ ನೋಡದೆ ಓಡಿಸುತ್ತಾನೆ. ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ಹಿಡಿದ ವ್ರತವನ್ನು ಉಳಿಸಿಕೊಳ್ಳಲು ದಾರಿಯುದ್ದಕ್ಕೂ ಜೀವಿಗಳನ್ನು ತುಳಿಯುತ್ತ ಹೋಗುವ ಈ ಅವಸರವನ್ನು ವ್ರತನಿಷ್ಠೆಯೆಂದು ಕರೆಯುವುದು ಕಷ್ಟ.

ಇದಕ್ಕೆ ಪರಿಹಾರ ಒಂದು ಊಟದ ಡಬ್ಬಿ. ಮಧ್ಯಾಹ್ನದ ಬುತ್ತಿಯ ಜೊತೆಗೆ ಸಂಜೆಯ ಆಹಾರವನ್ನೂ ಒಯ್ದು, ಐದು ಗಂಟೆಯ ವಿರಾಮದಲ್ಲಿ ಕಚೇರಿಯಲ್ಲಿಯೇ ಉಂಡುಬಿಟ್ಟರೆ ಸೂರ್ಯನೊಡನೆ ಪಂದ್ಯ ಹೂಡುವ ಅಗತ್ಯವೇ ಇರುವುದಿಲ್ಲ. ಎಷ್ಟು ಸರಳವಾದ ಉಪಾಯ ಎನ್ನಿಸುತ್ತದೆ. ಆದರೆ ಆ ಎರಡನೆಯ ಡಬ್ಬಿಯನ್ನು ತುಂಬುವವರು ಯಾರು? ಗೃಹಿಣಿ ಐದಕ್ಕೆ ಏಳುತ್ತಿದ್ದವಳು ಇನ್ನು ನಾಲ್ಕೂವರೆಗೆ ಏಳಬೇಕು. ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟುಹೋಗುತ್ತಿದ್ದ ತಂದೆ ಈಗ ಮುಕ್ಕಾಲು ಗಂಟೆ ಮೊದಲೇ ಹೊರಡುವುದರಿಂದ ಆ ಕೆಲಸವೂ ಅವಳ ಮೇಲೆಯೇ ಬೀಳುತ್ತದೆ. ಅವನ ಸೈಕಲ್ಲು ಉಳಿಸಿದ ಪೆಟ್ರೋಲನ್ನು ಮಗಳು ಹತ್ತುವ ಆಟೋರಿಕ್ಷಾ ಸುಡುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಪ್ರಯೋಜಕವಾಗಿ ತಾನು ತಿರುಗಾಡುವುದನ್ನಷ್ಟೇ ಅಲ್ಲದೆ ಇತರರನ್ನು ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ಬೀಗದ ಕೈ ಎಲ್ಲಿ, ರೇನ್‌ಕೋಟು ಎಲ್ಲಿ ಎಂದು ಮನೆಯವರನ್ನೆಲ್ಲ ಬೆಳಗ್ಗೆ ಓಡಾಡಿಸಿ, ಕಚೇರಿಗೆ ತಡವಾಗಿ ಬಂದು ಪಕ್ಕದ ಮೇಜಿನವನಿಂದ ತನ್ನ ಕೆಲಸ ಮಾಡಿಸಿಕೊಳ್ಳುವವನು ಆ ಮಾತನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡುವುದು ಲೇಸು. ಸಂಜೆಯ ಡಬ್ಬಿಗೆ ಅವಲಕ್ಕಿ, ಹುರಿಗಡಲೆ, ಎರಡು ಬಾಳೆಹಣ್ಣು ಸಾಕು. ಅದನ್ನು ತುಂಬಿಕೊಳ್ಳಲು ಅವನ ಕೈಗೇ ಬರುತ್ತದೆ. ಮಗಳ ಶಾಲೆಯ ವಿಷಯ ಅಷ್ಟು ಸುಲಭವಲ್ಲ. ವಾರಕ್ಕೆ ಮೂರು ದಿನ ಮಾತ್ರ ಸೈಕಲ್ಲು, ಉಳಿದ ದಿನ ಹಿಂದಿನಂತೆ ಎಂದು ಮನೆಯವರೊಡನೆ ಕೂತು ಗೊತ್ತುಮಾಡಿಕೊಂಡರೆ ಸಂಕಲ್ಪದ ಹೊಳಪು ಕುಂದೀತು. ಕುಂದಿದರೆ ಕುಂದಲಿ.

ಸಿದ್ಧತೆಗೂ ಒಂದು ಅತಿ ಇದೆ. ಹಗುರವಾದ ವಿದೇಶೀ ಸೈಕಲ್ಲು, ಅದಕ್ಕೊಪ್ಪುವ ಉಡುಪು, ಕೈಗವಸು, ವೇಗ ಅಳೆಯುವ ಯಂತ್ರ ಎಂದು ಕೊಳ್ಳುತ್ತ ಹೋದರೆ ಪರಿಗ್ರಹಕ್ಕೆ ಇನ್ನೊಂದು ಬಾಗಿಲು ತೆರೆದಂತಾಯಿತು. ಎಲ್ಲವೂ ಒದಗಿದ ಮೇಲೆ ಆರಂಭಿಸೋಣವೆಂದು ವರ್ಷ ಕಳೆಯುವವರೂ ಇದ್ದಾರೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಸುಮಾರು 450 ಸೈಕಲ್ಲುಗಳೊಡನೆ ಆರಂಭವಾದಾಗ, ಸ್ವಂತದ್ದಿಲ್ಲದೆಯೂ ಸೈಕಲ್ಲು ತುಳಿಯಬಹುದೆಂಬುದು ಹಲವರಿಗೆ ಹೊಳೆಯಿತು.

ಇಷ್ಟಕ್ಕೂ ಸೈಕಲ್ಲಿನಲ್ಲಿ ದುಡಿಮೆಗೆ ಹೋಗುವುದು ಹೊಸ ಸಂಗತಿಯೇನಲ್ಲ. 2011ರ ಜನಗಣತಿಯ ಪ್ರಕಾರ, ಬೇಸಾಯ ಮತ್ತು ಗೃಹಕೈಗಾರಿಕೆಗಳನ್ನು ಬಿಟ್ಟ ಇತರ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನಲ್ಲಿಯೇ ಹೋಗಿಬರುತ್ತಿದ್ದರು. ಸ್ಕೂಟರು, ಮೋಟಾರ್ ಸೈಕಲ್ಲಿನವರ ಪ್ರಮಾಣವೂ ಹೆಚ್ಚುಕಡಮೆ ಅಷ್ಟೇ ಇತ್ತು. ಗಾರೆ ಕೆಲಸದವನು, ರಾತ್ರಿ ಪಾಳಿಯ ಕಾವಲುಗಾರ, ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವನು ಇವರಾರೂ ಅಹಿಂಸೆಯನ್ನು ಕುರಿತು ಯೋಚಿಸಿ ಸೈಕಲ್ಲನ್ನು ಆರಿಸಿಕೊಂಡವರಲ್ಲ. ಬಸ್ಸಿನ ದುಡ್ಡು ಉಳಿಯಲೆಂದು ತುಳಿದವರು. ಆದರೆ ಯಾವ ತಿರುವಿನಲ್ಲಿ ನಾಯಿಗಳು ಮಲಗಿರುತ್ತವೆ, ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಎಷ್ಟು ಹೊತ್ತಿಗೆ ಹೊರಟರೆ ಓಡಿಸಬೇಕಾಗಿಲ್ಲ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ತಡವಾದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ. ಸಂಕಲ್ಪಪೂರ್ವಕವಾಗಿ ಸೈಕಲ್ಲನ್ನೇರಿದ ಗೃಹಸ್ಥನಿಗೆ ತನ್ನ ಸಹೋದ್ಯೋಗಿಗಳ ಸ್ಕೂಟರುಗಳನ್ನು ಕಂಡು ಮನಸ್ಸಿನಲ್ಲಿ ಸಣ್ಣ ಮಾನಕಷಾಯವೇನಾದರೂ ತಲೆಯೆತ್ತಿದರೆ, ಸಿಗ್ನಲಿನಲ್ಲಿ ಪಕ್ಕದಲ್ಲೇ ಒಂದು ಕಾಲೂರಿ ನಿಂತ ಗಾರೆಯವನನ್ನು ದಾರಿ ಕೇಳಬಹುದು.

ಅಕ್ಟೋಬರಿನ ಒಂದು ಸಂಜೆ ಮಳೆ ಸುರಿದು ನಿಂತಿದೆ ಎಂದಿಟ್ಟುಕೊಳ್ಳಬಹುದು. ಬೀದಿದೀಪಗಳ ಕೆಳಗೆ ಈಸಲು ಹುಳುಗಳು ರಾಶಿರಾಶಿಯಾಗಿ ಬಿದ್ದು, ರೆಕ್ಕೆ ಕಳಚಿ, ಒದ್ದೆ ರಸ್ತೆಯ ತುಂಬ ಹರಿದಾಡುತ್ತಿವೆ. ಐದಕ್ಕೇ ಅವಲಕ್ಕಿ ತಿಂದು ಹೊರಟ ಆ ಶ್ರಾವಕನು ಕೆರೆಯ ಮಗ್ಗುಲಿಗೆ ಬಂದಾಗ ಸೈಕಲ್ಲಿನಿಂದ ಇಳಿಯುತ್ತಾನೆ. ದೀಪದ ಬೆಳಕಿನಲ್ಲಿ ಮುಂದಿನ ನೆಲವನ್ನು ನೋಡುತ್ತ, ಹುಳುಗಳು ಕಡಮೆಯಿರುವ ಅಂಚನ್ನು ಹುಡುಕಿಕೊಂಡು, ಅಷ್ಟು ದೂರವನ್ನು ಸೈಕಲ್ಲು ತಳ್ಳಿಕೊಂಡೇ ನಡೆಯುತ್ತಾನೆ. ಮನೆ ಸೇರುವುದು ಇಪ್ಪತ್ತು ನಿಮಿಷ ತಡವಾಗುತ್ತದೆ. ಮಳೆಯ ದಿನ ಹೀಗಾಗುವುದೆಂದು ಬೆಳಗ್ಗೆಯೇ ಹೇಳಿಹೋಗಿದ್ದರಿಂದ ಮನೆಯಲ್ಲಿ ಯಾರೂ ಬಾಗಿಲಲ್ಲಿ ನಿಂತು ಕಾಯುತ್ತಿಲ್ಲ.