ಹನಿಯೊಳಗಿನ ಲಿಪಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿನತ್ತ ಹೊರಟರೆ, ಶೇಂಗಾ ಹೊಲಗಳ ಕೆಂಪು ಮುಗಿದು ಬಂಡೆಗುಡ್ಡಗಳು ಎದ್ದು ನಿಲ್ಲುವ ನಡುವೆ, ಬತ್ತಿದ ಕೆರೆಯಂಗಳಗಳು ಬಿಸಿಲಿಗೆ ಬಿರಿದು ಮಲಗಿರುತ್ತವೆ. ಮಣ್ಣಿನ ಒಂದು ಹೆಂಟೆಯನ್ನು ಅಂಗೈಯಲ್ಲಿ ಹಿಸುಕಿದರೆ ಹಿಟ್ಟಿನಂತೆ ಉದುರುವ ಧೂಳಿನಲ್ಲಿ ಹೋದ ಮಳೆಗಾಲದ ವಾಸನೆ ಇನ್ನೂ ಸುಳಿದಂತಾಗುತ್ತದೆ. ಎಲ್ಲ ಊರ ಮಣ್ಣಿನಲ್ಲಿರುವಂತೆ ಇಲ್ಲೂ ಅಮೀಬಾಗಳಿವೆ. ನೀರು ಹಿಂಗುತ್ತಲೇ ದುಂಡಗೆ ಮುದುಡಿ, ತಮ್ಮ ಸುತ್ತ ಗೋಡೆ ಕಟ್ಟಿಕೊಂಡು, ಮುಂದಿನ ಹನಿಗಾಗಿ ವರ್ಷಗಟ್ಟಲೆ ಕಾಯಬಲ್ಲ ಜೀವಗಳವು. ದುರ್ಗದ ಸೀಮೆಯಲ್ಲವೇ, ಕೋಟೆ ಕಟ್ಟುವುದು ಅವಕ್ಕೂ ಗೊತ್ತು. ಚಿತ್ರದುರ್ಗದ ಕೋಟೆಯಂತೆ ಏಳಲ್ಲ, ಎರಡೇ ಸುತ್ತು.

ಆ ಕೋಟೆಯೊಳಗೆ ಒಮ್ಮೊಮ್ಮೆ ಅತಿಥಿಯೂ ಇರುತ್ತದೆ. ತುತ್ತೆಂದು ನುಂಗಿದ ಬ್ಯಾಕ್ಟೀರಿಯಾ ಅರಗದೆ, ನುಂಗಿದ ಒಡಲನ್ನೇ ಮನೆ ಮಾಡಿಕೊಂಡು, ಅಲ್ಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರನ್ನು ನ್ಯುಮೋನಿಯಾಕ್ಕೆ ಕೆಡವಿದ ಲೀಜಿಯೊನೆಲ್ಲಾ ಕೂಡ ಅಮೀಬಾದೊಳಗೆ ಹೀಗೆ ವೃದ್ಧಿಯಾಗಬಲ್ಲದೆಂದು 1980ರಲ್ಲಿ ವಿಜ್ಞಾನಿ ರೋಬಾಥಮ್ ತೋರಿಸಿದರು. ಭಯಪಡಬೇಕಾದ ಸಂಗತಿಯೇ, ನಿಜ. ಆದರೂ ನನ್ನಲ್ಲಿ ಭಯಕ್ಕಿಂತ ಮೊದಲು ಏಳುವುದು ಬೆರಗು.

ಒಡಲೊಳಗಿನ ಆ ಅತಿಥಿಯನ್ನು ಕಾಣುವ ಬಗೆಯಂತೂ ಇನ್ನೂ ಸೋಜಿಗ. ಇಪ್ಪತ್ತರ ಆಸುಪಾಸಿನ ಅಕ್ಷರಗಳ ಒಂದು ಡಿಎನ್‌ಎ ತುಣುಕಿಗೆ ಹೊಳೆಯುವ ಬಣ್ಣ ಕಟ್ಟಿ ಜೀವಕೋಶದೊಳಗೆ ಬಿಡುತ್ತಾರೆ. ಅದು ರೈಬೋಸೋಮಿನ ಆರ್‌ಎನ್‌ಎ ಎಳೆಗಳ ನಡುವೆ ತಡವರಿಸುತ್ತ ಅಲೆದು, ತನ್ನ ಒಂದೊಂದು ಅಕ್ಷರಕ್ಕೂ ಜೋಡಿ ಸಿಕ್ಕ ಕಡೆ, ಮೊಳಕಾಲ್ಮೂರಿನ ಮಗ್ಗದಲ್ಲಿ ಹೊಕ್ಕಿನ ರೇಷ್ಮೆ ಹಾಸಿನೊಳಗೆ ಸೇರಿಕೊಂಡಂತೆ, ಮೆಲ್ಲಗೆ ಅಂಟಿ ಕೂರುತ್ತದೆ. ಅಂಟದೆ ಉಳಿದದ್ದನ್ನು ತೊಳೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಚಳ್ಳಕೆರೆಯ ಕರಿ ಕಂಬಳಿ ಹಾಸಿದಂಥ ಇರುಳಿನಲ್ಲಿ ತಂತಮ್ಮ ತುಣುಕಿನ ಬಣ್ಣ ತೊಟ್ಟು ಅಮೀಬಾ ಹಸಿರಾಗಿ, ಅದರ ಒಡಲಿನ ಅತಿಥಿ ಕೆಂಪಾಗಿ, ಒಂದರೊಳಗೊಂದು ಮಿನುಗುತ್ತವೆ.

ಆಗೆಲ್ಲ ನನಗೆ ಇದೇ ಸೀಮೆಯ ಬ್ರಹ್ಮಗಿರಿಯ ಬಂಡೆ ನೆನಪಾಗುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಆ ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ. ಕೊನೆಗೆ ಬಂದಾಗ ಮಾತ್ರ, ಬರೆದವನು ಚಪಡ ಎಂದು ಹೆಸರು ಹೇಳಿಕೊಂಡು, ತಾನು ಲಿಪಿಕಾರನೆಂಬ ಒಂದೇ ಒಂದು ಪದವನ್ನು ವಾಯವ್ಯದ ದೂರನಾಡಿನ, ಬಲದಿಂದ ಎಡಕ್ಕೆ ನಡೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ದನಗಾಹಿಗಳು ಅದಕ್ಕೊರಗಿ ದಣಿವಾರಿಸಿಕೊಂಡಿರಬಹುದು, ಚಿನ್ನಹಗರಿ ಹೊಳೆ ಎಷ್ಟು ಸಲ ಬತ್ತಿ ಎಷ್ಟು ಸಲ ಹರಿಯಿತೋ. ಎರಡು ಸಾವಿರ ವರ್ಷ ಒಂದು ಲಿಪಿಯ ಒಡಲಲ್ಲಿ ಇನ್ನೊಂದು ಲಿಪಿ, ಓದಬಲ್ಲ ಕಣ್ಣು ಬರುವ ತನಕ, ಸುಮ್ಮನೆ ಇತ್ತು.

ಅಂಗೈಯ ಧೂಳನ್ನು ಕೊಡವಲು ಮನಸ್ಸಾಗದೆ, ಬಗ್ಗಿ, ಕೆರೆಯಂಗಳದ ಬಿರುಕಿನೊಳಗೇ ಇಳಿಬಿಟ್ಟೆ.