ಗಂಡಾಳು, ಹೆಣ್ಣಾಳು

ನಮ್ಮ ಕಡೆ ಹೊಲದ ಕೂಲಿಗೆ ಎರಡು ಲೆಕ್ಕ. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಇನ್ನೊಂದು. ಯಾಕೆ ಎಂದು ಕೇಳಿದರೆ ಉತ್ತರ ತುದಿನಾಲಿಗೆಯ ಮೇಲೇ ಇರುತ್ತದೆ: ‘ಅವನದು ಕಷ್ಟದ ಕೆಲಸ.’ ಕಷ್ಟ ಎಂದರೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಖಾನಾಪುರದ ಮಳೆ ಎಂಥದೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲಿ ಕೊಪ್ಪೆ ಹೊದ್ದು, ಕೆಸರಿನಲ್ಲಿ ನಿಂತು, ದಿನವಿಡೀ ಬೆನ್ನು ಬಗ್ಗಿಸಿ ಭತ್ತದ ಸಸಿ ನೆಡುವವರು ಹೆಂಗಸರು. ಸಸಿ ತೀರ ಆಳಕ್ಕೆ ಹೋದರೆ ತೆಂಡೆ ಒಡೆಯುವುದಿಲ್ಲ. ಮೇಲೇ ನಿಂತರೆ ನೀರಿಗೆ ತೇಲುತ್ತದೆ. ಇದು ಕಷ್ಟವಲ್ಲವೆ? ಕುಶಲತೆಯಲ್ಲವೆ?

ಕೂಲಿ ಏಕೆ ಹೆಚ್ಚುಕಡಿಮೆ ಎನ್ನುವುದಕ್ಕೆ ಆಡಂ ಸ್ಮಿತ್ 1776ರಲ್ಲೇ ಐದು ಕಾರಣ ಕೊಟ್ಟಿದ್ದ: ಕೆಲಸ ಹಿತವೋ ಅಹಿತವೋ, ಕಲಿಯಲು ಎಷ್ಟು ಖರ್ಚು, ವರ್ಷವಿಡೀ ಸಿಗುತ್ತದೋ ಇಲ್ಲವೋ, ಎಷ್ಟು ನಂಬಿಕೆ ಬೇಕು, ಗೆಲ್ಲುವ ಭರವಸೆ ಎಷ್ಟು. ಅಹಿತವಾದ, ಕೆಲವೇ ವಾರ ಸಿಗುವ ಕೆಲಸಕ್ಕೆ ಕೂಲಿ ಹೆಚ್ಚಿರಬೇಕು ಎಂಬುದು ಅವನ ಲೆಕ್ಕ. ಹಾಗಾದರೆ ನಾಟಿಯವಳಿಗೇ ಹೆಚ್ಚು ಸಿಗಬೇಕಿತ್ತು! ಆದರೆ ಅವನದೊಂದು ಷರತ್ತಿದೆ. ಒಲ್ಲದ ಕೆಲಸ ಬಿಟ್ಟು ಬೇರೆಯದನ್ನು ಹಿಡಿಯುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು. ಮನೆಯಲ್ಲಿ ತೊಟ್ಟಿಲು ಬಿಟ್ಟು ಬಂದವಳು ಎಲ್ಲಿಗೆ ಹೋಗಿ ಯಾವುದನ್ನು ಹಿಡಿಯಬೇಕು?

ಊರಲ್ಲಾದರೂ ಬೇರೆಯಿದೆಯೆ? ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರ ಮನೆಗಳಲ್ಲಿ ಒಲೆಯ ಮೇಲೆ ಅನ್ನವಿಟ್ಟು ಹೆಂಗಸರು ಕಂಡಿಕೆ ಸುತ್ತುತ್ತಾರೆ. ಕಂಡಿಕೆ ಇಲ್ಲದೆ ಲಾಳಿ ಓಡದು. ಆದರೂ ಕೂಲಿ ಬರುವುದು ಸೀರೆಯ ಲೆಕ್ಕದಲ್ಲಿ; ಅವಳ ದುಡಿಮೆ ಅದರೊಳಗೇ ಕರಗಿಹೋಗುತ್ತದೆ. ತಾಯಿ ಕಲಿಸಿದ ವಿದ್ಯೆಗೆ ಫೀಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಅದು ವಿದ್ಯೆಯೇ ಅಲ್ಲ, ಹೆಣ್ಣಿನ ಹುಟ್ಟುಗುಣ ಎಂದು ಲೋಕ ತೀರ್ಮಾನಿಸಿಬಿಟ್ಟಿದೆ.

ಇದು ಪ್ರಕೃತಿನಿಯಮವೇನಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾನೂನು 1976ರಲ್ಲೇ ಬಂತು. 2005ರ ಉದ್ಯೋಗ ಖಾತರಿ ಕಾನೂನು ಗಂಡು ಹೆಣ್ಣಿಗೆ ಒಂದೇ ದರ ಕೊಟ್ಟಿತು; 2024-25ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ. ಅದೇ ಮಣ್ಣು, ಅದೇ ಬುಟ್ಟಿ, ಅದೇ ಕೂಲಿ. ಆಕಾಶವೇನೂ ಕಳಚಿ ಬೀಳಲಿಲ್ಲ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ನಳ ರಿಪೇರಿಯವನು ಅರ್ಧ ತಾಸಿಗೆ ಕೇಳಿದಷ್ಟು ಕೊಡುತ್ತೇವೆ. ಭಾಂಡೆ ತಿಕ್ಕುವವಳು ತಿಂಗಳಿಗೆ ನೂರು ರೂಪಾಯಿ ಹೆಚ್ಚು ಕೇಳಿದರೆ ವಾದಕ್ಕೆ ನಿಲ್ಲುತ್ತೇವೆ. ಅವನ ಕೆಲಸ ನಮಗೆ ಬರುವುದಿಲ್ಲ, ಇವಳದು ಬರುತ್ತದೆ ಎಂಬುದೊಂದೇ ಕಾರಣವೆ? ನನಗೆ ಹಾಗನ್ನಿಸುವುದಿಲ್ಲ. ಅದು ನಾವು ಬದುಕಿಡೀ ಬಿಟ್ಟಿಯಾಗಿ ಮಾಡಿಕೊಂಡು ಬಂದ ಕೆಲಸ. ನಮ್ಮ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ. ಅದೇ ಸೊನ್ನೆಯಿಂದ ನಾವು ಅವಳ ಪಗಾರ ಎಣಿಸಲು ಶುರುಮಾಡುತ್ತೇವೆ. ‘ಅವಳೇ ಒಪ್ಪಿಕೊಂಡಿದ್ದಾಳಲ್ಲ’ ಎನ್ನುತ್ತೇವೆ. ಒಪ್ಪದೆ ಅವಳಿಗೆ ಬೇರೆ ದಾರಿಯಿತ್ತೆ? ನ್ಯಾಯದ ಪ್ರಶ್ನೆ ಇರುವುದು ಅಲ್ಲೇ. ಅವಳಿಗೆ ಕೊಡುವ ಕೂಲಿಯಲ್ಲಿ ನಮ್ಮ ಕೈಗಳ ಬೆಲೆಯನ್ನೂ ನಾವೇ ಬರೆಯುತ್ತಿರುತ್ತೇವೆ.